ಹಳದಿ ದೀಪದ ಪೂರ್ವಜರು

ನಮ್ಮ ಬ್ಲಾಗಿಗರ ಬಳಗದಲ್ಲಿ ಹಳೇ ಕಾರು ಇಟ್ಟುಕೊಂಡವರು ಎಷ್ಟು ಮಂದಿ ಇದ್ದೀರೋ ಗೊತ್ತಿಲ್ಲ. ಓದೋದಕ್ಕೆ, ಕೆಲಸಕ್ಕೆ ಅಂತ ಅಮೆರಿಕಕ್ಕೆ ಬಂದ ನನ್ನ ಪರಿಚಯದ ಕನ್ನಡಿಗರಲ್ಲಿ ಹೆಚ್ಚಿನವರ ಮೊದಲ ಕಾರು ಮಾತ್ರ ಯಾರೋ ಹತ್ತು ವರ್ಷ ಓಡಿಸಿ ಬಿಟ್ಟದ್ದೇ. ಅಂಥ ಕಾರಿನ ಜೊತೆಗೆ ಎರಡು ಕೀ, ಮೂಲೆ ಮುದುರಿದ ಒಂದು ಮ್ಯಾನ್ಯುಯಲ್ಲು, ಮತ್ತೆ ಡ್ಯಾಶ್‌ಬೋರ್ಡಿನಲ್ಲಿ ಆರದೇ ಉರಿಯುವ ಒಂದು ಹಳದಿ ದೀಪ ಬಳುವಳಿಯಾಗಿ ಬರುತ್ತವೆ. "ಅದೇನೂ ಅಲ್ಲ, ಅದು ಯಾವಾಗ್ಲೂ ಹಾಗೇ" ಅಂತ ಮಾರಿದವರು ಸಮಾಧಾನ ಹೇಳಿ ಕಳಿಸಿರುತ್ತಾರೆ.

ಈ ದೀಪಗಳ ವಿಷಯದಲ್ಲಿ ನಾನು ಕಂಡ ಜನ ಎರಡು ಥರ. ಹಳದಿ ದೀಪ ಕಂಡ ಕೂಡಲೇ ಕಾರು ರಸ್ತೆ ಬದಿಗೆ ಹಾಕಿ, ಟೋ ಟ್ರಕ್ಕಿಗೆ ಫೋನ್ ಮಾಡುವವರು ಒಂದು ಥರ. ಕೆಂಪು ದೀಪ ಕಂಡರೂ "ಮನೆ ಇಲ್ಲೇ ಇದೆಯಲ್ಲ" ಅಂತ ಹೊಡೆದುಕೊಂಡು ಹೋಗುವವರು ಇನ್ನೊಂದು ಥರ. ಎರಡನೇ ಗುಂಪಿನ ಗೆಳೆಯನೊಬ್ಬ ಆಯಿಲ್ ದೀಪ ಉರಿಯುತ್ತಿದ್ದಾಗಲೇ ಫ್ರೀವೇಯಲ್ಲಿ ನಾಲ್ಕು ಮೈಲಿ ಓಡಿಸಿದ. ಐದನೇ ಮೈಲಿಗೆ ಎಂಜಿನ್ ಜಾಮ್. ಕಾರು ಗುಜರಿಗೆ ಹೋಯಿತು. ಪಾಪ, ಅವನ ತರ್ಕವೂ ಪೂರ್ತಿ ತಪ್ಪಲ್ಲ. ಆರು ತಿಂಗಳಿಂದ ಹಳದಿ ದೀಪ ಉರಿಯುತ್ತಲೇ ಇತ್ತು, ಏನೂ ಆಗಿರಲಿಲ್ಲ. ಇದೂ ಹಾಗೇ ಇನ್ನೊಂದು ಅಂದುಕೊಂಡ.

ತಮಾಷೆ ಏನೆಂದರೆ, ಇವು ಅಕ್ಕಪಕ್ಕ ಕೂತಿದ್ದರೂ ಅಣ್ಣತಮ್ಮಂದಿರಲ್ಲ. ಹುಟ್ಟಿದ ಕಾಲ ಬೇರೆ, ಹುಟ್ಟಿಸಿದವರು ಬೇರೆ, ಯಾರ ಸೇವೆಗೆ ಅನ್ನುವುದಂತೂ ಪೂರ್ತಿ ಬೇರೆ. ಕೆಂಪು ದೀಪಗಳು ಕಾರಿನ ಎಂಜಿನ್ನಿಗೆ ಮತ್ತು ಒಳಗೆ ಕೂತವರಿಗೆ. ಹಳದಿ ಎಂಜಿನ್ ದೀಪ ಇರುವುದು ಹೊರಗೆ ನಿಂತು ಉಸಿರಾಡುವವರಿಗೆ! ಈ ವಂಶಾವಳಿ ಗೊತ್ತಿದ್ದರೆ ಹಳೇ ಕಾರಿನ ರೋಗ ಹುಡುಕುವ ಅರ್ಧ ಕೆಲಸ ಮುಗಿದ ಹಾಗೆ ಅಂತ ನನ್ನ ನಂಬಿಕೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಿದೆ, ಕಾಫಿ ಹಿಡಿದುಕೊಂಡು ಕೂರಿ :)

ಡ್ಯಾಶ್‌ಬೋರ್ಡ್ ಅನ್ನುವ ಪದವೇ ಕಾರಿಗಿಂತ ಹಳೆಯದು. ಕುದುರೆ ಗಾಡಿಯಲ್ಲಿ ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಕೂತವರ ಮೈಗೆ ಬೀಳದ ಹಾಗೆ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಕುದುರೆ ಹೋಯಿತು, ಹಲಗೆ ಉಳಿಯಿತು. ಮೊದಮೊದಲ ಕಾರುಗಳಲ್ಲಿ ಆ ಹಲಗೆಯ ಮೇಲೆ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಎಂಜಿನ್ ಕಾದಿದೆಯೋ ಇಲ್ಲವೋ ಎಂದು ತಿಳಿಯಲು 1910ರ ದಶಕದಿಂದ ಬಾಯ್ಸ್ ಮೋಟೋಮೀಟರ್ ಎಂಬ ಒಂದು ಥರ್ಮಾಮೀಟರ್ ಬಂತು. ಅದನ್ನು ಕೂರಿಸುತ್ತಿದ್ದುದು ಕಾರಿನ ಮೂತಿಯ ಮೇಲೆ, ರೇಡಿಯೇಟರ್ ಮುಚ್ಚಳದಲ್ಲಿ! ಚಾಲಕ ಗಾಜಿನಾಚೆ ಕಣ್ಣು ಕಿರಿದು ಮಾಡಿ ಕೆಂಪು ದ್ರವ ಎಷ್ಟು ಮೇಲೇರಿದೆ ಅಂತ ನೋಡಬೇಕಿತ್ತು. ಅದು ಅಳೆಯುತ್ತಿದ್ದುದು ನೀರಿನ ಬಿಸಿಯನ್ನಲ್ಲ, ನೀರಿನ ಮೇಲಿನ ಹಬೆಯ ಬಿಸಿಯನ್ನು. ಫೋರ್ಡ್‌ನ ಮಾಡೆಲ್ ಟಿಗೆ 1919ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದಾಗ ಅದರ ಹಲಗೆಗೆ ಒಂದು ಅಮ್ಮೀಟರ್ ಬಂತು. ಬ್ಯಾಟರಿಗೆ ಕರೆಂಟ್ ಹೋಗುತ್ತಿದೆಯೋ ಬ್ಯಾಟರಿಯಿಂದ ಬರುತ್ತಿದೆಯೋ ಅಂತ ತೋರಿಸುವ ಮುಳ್ಳು ಅಷ್ಟೇ.

ಮುಳ್ಳಿನ ಮೀಟರುಗಳ ಜಾಗಕ್ಕೆ ದೀಪ ಬಂದದ್ದು 1930ರ ದಶಕದಲ್ಲಿ, ಹಡ್ಸನ್ ಕಾರುಗಳಿಂದ ಜನಪ್ರಿಯವಾಯಿತು. ಆಯಿಲ್ ಒತ್ತಡಕ್ಕೊಂದು, ಜನರೇಟರಿಗೊಂದು ಕೆಂಪು ದೀಪ. ಕಾರು ಪ್ರಿಯರು ಇದಕ್ಕಿಟ್ಟ ಹೆಸರು "ಈಡಿಯಟ್ ಲೈಟ್". ಅಂದರೆ ದಡ್ಡರ ದೀಪ. ಮೀಟರ್ ಓದಲು ಬಾರದವನಿಗೆ ದೀಪ ಅಂತ ಗೇಲಿ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಮುಳ್ಳು ನಿಧಾನಕ್ಕೆ ಇಳಿಯುವುದನ್ನು ನೋಡಿ ಮುಂಚೆಯೇ ಎಚ್ಚರವಾಗಬಹುದು, ದೀಪ ಉರಿಯುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಆದರೆ ಕಂಪನಿಯವರ ಮಾತಿನಲ್ಲೂ ಹುರುಳಿದೆ. ರಸ್ತೆ ನೋಡುತ್ತಾ ಓಡಿಸುವವನು ನಾಲ್ಕು ಮುಳ್ಳುಗಳನ್ನು ಎಷ್ಟು ಸಲ ನೋಡಿಯಾನು? ಕತ್ತಲಲ್ಲಿ ಕೆಂಪಗೆ ಏನಾದರೂ ಹೊತ್ತಿಕೊಂಡರೆ ಕಣ್ಣು ತಾನಾಗಿ ಹೋಗುತ್ತದೆ. ಅಗ್ಗವೂ ಹೌದು. ನನ್ನನ್ನು ಕೇಳಿದರೆ ಎರಡೂ ಇರಬೇಕು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಹಳೆಯ ಆಯಿಲ್ ದೀಪ ಎಷ್ಟು ಸರಳ ಅಂದರೆ, ಒಂದು ಬಲ್ಬು, ಒಂದು ವೈರು, ಎಂಜಿನ್ ಮೈಗೆ ತಿರುಗಿಸಿದ ಒಂದು ಸ್ವಿಚ್ಚು. ಒತ್ತಡ ಇಲ್ಲದಾಗ ಸ್ವಿಚ್ಚು ವೈರನ್ನು ಎಂಜಿನ್ ಮೈಗೆ ತಾಗಿಸಿ ಅರ್ಥ್ ಮಾಡುತ್ತದೆ, ದೀಪ ಉರಿಯುತ್ತದೆ. ಆಯಿಲ್ ಪಂಪು ಒತ್ತಡ ಕೊಟ್ಟ ಕೂಡಲೇ ಸ್ವಿಚ್ಚು ಬಿಟ್ಟುಕೊಂಡು ದೀಪ ಆರುತ್ತದೆ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಇದು ಆಯಿಲ್ ಎಷ್ಟಿದೆ ಅಂತ ಹೇಳುವ ದೀಪ ಅಲ್ಲವೇ ಅಲ್ಲ. ಒತ್ತಡ ಹೆಚ್ಚುಕಡಿಮೆ ಸೊನ್ನೆಗೆ ಬಂದಿದೆ ಅಂತ ಹೇಳುವ ದೀಪ. ಅದು ಉರಿದಾಗ ಬೇರಿಂಗುಗಳ ನಡುವಿನ ಆಯಿಲ್ ಪದರ ಹೋಗಿ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿರುತ್ತದೆ. ನನ್ನ ಗೆಳೆಯನ ನಾಲ್ಕು ಮೈಲಿ ಅಂದರೆ ಸಾವಿರಾರು ಸುತ್ತು ಒಣ ತಿಕ್ಕಾಟ. ಎರಡು, ಸ್ವಿಚ್ಚಿನಿಂದ ವೈರು ಕಳಚಿ ಬಿದ್ದರೆ ದೀಪ ಯಾವತ್ತೂ ಉರಿಯುವುದಿಲ್ಲ. ಎಲ್ಲ ಸರಿ ಇದೆ ಅಂತ ನೀವು ಖುಷಿಯಾಗಿರುತ್ತೀರಿ! ವೈರಿನ ಪ್ಲಾಸ್ಟಿಕ್ ಸವೆದು ಎಂಜಿನ್ನಿಗೆ ತಾಗಿದರೆ ಇದರ ಉಲ್ಟಾ, ದೀಪ ಆರುವುದೇ ಇಲ್ಲ. ಹಾಗಾಗಿ ಕ್ರಮ ಇದು: ಎಂಜಿನ್ ಆಫ್ ಮಾಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಸರಿ ಇದ್ದರೆ ಕೀ ಆನ್ ಮಾಡಿಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ ಸ್ವಿಚ್ಚಿನ ವೈರು ತೆಗೆಯಿರಿ. ದೀಪ ಆರಿದರೆ ವೈರು ಒಳ್ಳೆಯದು. ಅನುಮಾನ ಇನ್ನು ಸ್ವಿಚ್ಚಿನ ಮೇಲೆ, ಇಲ್ಲವೇ ನಿಜವಾಗಿ ಒತ್ತಡವೇ ಇಲ್ಲ. ಮೆಕ್ಯಾನಿಕ್ ಆ ಸ್ವಿಚ್ಚಿನ ಜಾಗಕ್ಕೆ ಒಂದು ಮೀಟರ್ ತಿರುಗಿಸಿ ಒತ್ತಡ ನೋಡುವ ತನಕ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.

ಬ್ಯಾಟರಿ ಗುರುತಿನ ಕೆಂಪು ದೀಪ ನನಗೆ ಎಲ್ಲಕ್ಕಿಂತ ಇಷ್ಟ. ಯಾಕೆಂದರೆ ಅದು ಬ್ಯಾಟರಿಯ ದೀಪವೇ ಅಲ್ಲ. ಬಲ್ಬಿನ ಒಂದು ಕಾಲು ಬ್ಯಾಟರಿಯ ಕಡೆಗೆ (ಕೀ ಮೂಲಕ), ಇನ್ನೊಂದು ಕಾಲು ಡೈನಮೊ ಅಥವಾ ಆಲ್ಟರ್ನೇಟರಿನ ಕಡೆಗೆ. ಎರಡೂ ಕಡೆ ವೋಲ್ಟೇಜು ಒಂದೇ ಆದರೆ ಕರೆಂಟ್ ಹರಿಯುವುದಿಲ್ಲ, ದೀಪ ಆರಿರುತ್ತದೆ. ಒಂದು ಕಡೆ ತಗ್ಗಿದರೆ ಉರಿಯುತ್ತದೆ. ತಕ್ಕಡಿಯ ಮುಳ್ಳಿನ ಹಾಗೆ! ಡೈನಮೊ ಕಾಲದ ಅಂಬಾಸಿಡರ್ ಓಡಿಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಸಿಗ್ನಲ್ಲಿನಲ್ಲಿ ನಿಂತಾಗ ಆ ಕೆಂಪು ದೀಪ ಮಿಣಕ್ ಮಿಣಕ್ ಅನ್ನುತ್ತಿತ್ತು, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತಿತ್ತು. ಡೈನಮೊ ನಿಧಾನಕ್ಕೆ ತಿರುಗುವಾಗ ಸಾಕಷ್ಟು ವೋಲ್ಟೇಜು ಕೊಡುವುದಿಲ್ಲ, ಅಷ್ಟೇ. ಅದು ರೋಗವಲ್ಲ, ಸ್ವಭಾವ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಅದೇ ಮಿಣುಕು ಕಂಡರೆ ಮಾತ್ರ ಬೆಲ್ಟ್ ಸಡಿಲವೋ, ಬ್ರಶ್ ಸವೆದಿದೆಯೋ, ಡಯೋಡ್ ಸುಟ್ಟಿದೆಯೋ ನೋಡಬೇಕು.

ಇನ್ನೊಂದು ಸ್ವಾರಸ್ಯ ಕೇಳಿ. ಹಳೆಯ ಆಲ್ಟರ್ನೇಟರುಗಳು ಶುರುವಿನಲ್ಲಿ ತಮ್ಮೊಳಗಿನ ಅಯಸ್ಕಾಂತ ಎಬ್ಬಿಸಿಕೊಳ್ಳಲು ಒಂದಿಷ್ಟು ಕರೆಂಟ್ ಬೇಕು, ಆ ಕರೆಂಟ್ ಬರುವುದು ಇದೇ ಬಲ್ಬಿನ ಮೂಲಕ. ಎರಡು ಮೂರು ವಾಟಿನ ಆ ಪುಟ್ಟ ಬಲ್ಬು ಸುಟ್ಟುಹೋದರೆ ಅಂಥ ಅನೇಕ ಕಾರುಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡುವುದನ್ನೇ ಮರೆಯುತ್ತದೆ, ಇಲ್ಲವೇ ಎಂಜಿನ್ನನ್ನು ಜೋರಾಗಿ ರೇಸ್ ಮಾಡುವ ತನಕ ಏಳುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿ, ಹೊಸ ಆಲ್ಟರ್ನೇಟರ್ ಹಾಕಿಸಿ, ಆಮೇಲೆ ಯಾರೋ ಹಿರಿಯ ಮೆಕ್ಯಾನಿಕ್ ಬಂದು ಚಿಲ್ಲರೆ ಕಾಸಿನ ಬಲ್ಬು ಬದಲಿಸಿ ಕಾರು ಸರಿ ಮಾಡಿದ ಕತೆಗಳು ಹಳೇ ಕಾರಿನವರ ನಡುವೆ ಬೇಕಾದಷ್ಟಿವೆ. ರೋಗ ಹೇಳಬೇಕಾದವನೇ ರೋಗಕ್ಕೆ ಕಾರಣ!

ಬ್ರೇಕಿನ ಕೆಂಪು ದೀಪ ಅಮೆರಿಕದಲ್ಲಿ ಎಲ್ಲ ಕಾರಿಗೂ ಬಂದದ್ದು 1960ರ ದಶಕದ ಕೊನೆಗೆ, ಎರಡು ಪ್ರತ್ಯೇಕ ಬ್ರೇಕ್ ಸರ್ಕ್ಯೂಟ್ ಕಡ್ಡಾಯವಾದಾಗ. ಒಂದು ಸರ್ಕ್ಯೂಟ್ ಸತ್ತರೂ ಇನ್ನೊಂದು ಕಾರು ನಿಲ್ಲಿಸುತ್ತದೆ, ಹಾಗಾಗಿ ಸತ್ತದ್ದು ಚಾಲಕನಿಗೆ ಗೊತ್ತೇ ಆಗದಿರಬಹುದು, ಅದಕ್ಕೊಂದು ದೀಪ. ಈಗ ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್ ಮಟ್ಟಕ್ಕೂ ಒಂದೇ ದೀಪ. ತಿರುವಿನಲ್ಲಿ ಮಾತ್ರ ಹೊತ್ತಿ ಆರಿದರೆ ಬ್ರೇಕ್ ಆಯಿಲ್ ಕಮ್ಮಿಯಾಗಿದೆ ಅಂತ ಅರ್ಥ. ಸೋರಿಕೆ ಇಲ್ಲದಿದ್ದರೆ ಬ್ರೇಕ್ ಪ್ಯಾಡ್ ಸವೆದಿರುತ್ತದೆ, ಪ್ಯಾಡ್ ಸವೆದಷ್ಟೂ ಆಯಿಲ್ ಕೆಳಗಿನ ಸಿಲಿಂಡರಿಗೆ ಇಳಿದಿರುತ್ತದೆ. ಬರೀ ಆಯಿಲ್ ತುಂಬಿಸಿ ದೀಪ ಆರಿಸಿದರೆ ಪ್ಯಾಡ್ ಸವೆದ ಸುದ್ದಿಯನ್ನೇ ಮುಚ್ಚಿಟ್ಟ ಹಾಗೆ.

ಇಷ್ಟು ಕೆಂಪಿನ ಕತೆ. ಈಗ ಹಳದಿಗೆ ಬರೋಣ. ಇದು ಶುರುವಾಗುವುದು ಕಾರಿನೊಳಗೆ ಅಲ್ಲ, ಲಾಸ್ ಏಂಜಲೀಸ್ ಊರಿನ ಗಾಳಿಯಲ್ಲಿ.

1943ರ ಜುಲೈ 26ರಂದು ಆ ಊರಿನ ಮೇಲೆ ಕಣ್ಣುರಿಯುವಂಥ ದಟ್ಟ ಮಬ್ಬು ಇಳಿಯಿತು. ಯುದ್ಧದ ಕಾಲ. ಜಪಾನಿನವರು ವಿಷದ ಗಾಳಿ ಬಿಟ್ಟಿದ್ದಾರೆ ಅಂತ ಕೆಲವರು ಹೆದರಿದರಂತೆ. ಮೊದಲು ಒಂದು ಕಾರ್ಖಾನೆಯ ಮೇಲೆ ಅನುಮಾನ ಬಂತು, ಆದರೆ ಅದನ್ನು ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಪಕ್ಕದ ಪ್ಯಾಸಡೀನಾದ ಕ್ಯಾಲ್‌ಟೆಕ್‌ನಲ್ಲಿ ಹಾಲೆಂಡಿನಿಂದ ಬಂದ ಆರೀ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ಇದ್ದರು. ಆಗ ಅವರು ಹುಡುಕುತ್ತಿದ್ದದ್ದು ಏನು ಗೊತ್ತೇ? ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ರಾಸಾಯನಿಕದಿಂದ ಬರುತ್ತದೆ ಅಂತ! ಹಣ್ಣಿನ ಆವಿಯನ್ನು ತಣ್ಣಗೆ ಮಾಡಿ ಹನಿ ಹನಿಯಾಗಿ ಹಿಡಿಯುವ ಅದೇ ವಿಧಾನದಿಂದ ಅವರು ಊರಿನ ಗಾಳಿಯನ್ನೂ ಹಿಡಿದು ನೋಡಿದರು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟದ್ದು ಇದು. ಪೂರ್ತಿ ಉರಿಯದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಲ್ಲಿ ಸೇರಿ ಓಝೋನ್ ಆಗುತ್ತವೆ, ಕಣ್ಣುರಿಸುವ ಮಬ್ಬು ಅದರಿಂದಲೇ. ಅಂದರೆ ತಪ್ಪಿತಸ್ಥ ಒಂದು ಚಿಮಣಿ ಅಲ್ಲ, ಊರಿನ ಲಕ್ಷಾಂತರ ಸೈಲೆನ್ಸರುಗಳು. ತೈಲ ಉದ್ಯಮದ ಕಡೆಯವರು ಬಹಳ ಕಾಲ ಇದನ್ನು ಒಪ್ಪಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಇದೇ ಅನಾನಸ್ ಪಂಡಿತರು.

ಮುಂದಿನದು ಸರಸರನೆ ನಡೆಯಿತು. 1975ರ ಮಾಡೆಲ್ಲಿನಿಂದ ಅಮೆರಿಕದ ಬಹುತೇಕ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಅದಕ್ಕಾಗಿ ಸೀಸವಿಲ್ಲದ ಪೆಟ್ರೋಲ್ ಬಂತು. 1977ರ ಮಾಡೆಲ್ಲಿನ ವೋಲ್ವೋ ಕಾರಿನಲ್ಲಿ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಮ್ಮಿಯಾಯಿತೋ ಹೇಳುವ ಮೂಗು ಅದು. ಆ ಮೂಗಿನ ಮಾತು ಕೇಳಿ ಪೆಟ್ರೋಲ್ ಅಳೆಯಲು ಕಂಪ್ಯೂಟರ್ ಬೇಕಾಯಿತು. ಆ ಕಾಲದ ಕೆಲವು ಕಾರುಗಳಲ್ಲಿ ಸೆನ್ಸರಿನ ಹೆಸರಿನಲ್ಲಿ ಒಂದು ದೀಪ ಇರುತ್ತಿತ್ತು. ಅದಕ್ಕೆ ರೋಗ ಗೀಗ ಏನೂ ಗೊತ್ತಿರಲಿಲ್ಲ, ಇಂತಿಷ್ಟು ಸಾವಿರ ಮೈಲಿ ಓಡಿದ ಕೂಡಲೇ ಸುಮ್ಮನೆ ಹೊತ್ತಿಕೊಳ್ಳುತ್ತಿತ್ತು. ಸೆನ್ಸರ್ ಬದಲಿಸಿ, ಒಂದು ಗುಂಡಿ ಒತ್ತಿ ಆರಿಸಬೇಕು. ಅಂಥ ಕಾರು ಈಗಲೂ ಇಟ್ಟುಕೊಂಡವರು ಇದನ್ನು ನೆನಪಿಡಿ, ಇಲ್ಲದ ರೋಗ ಹುಡುಕುತ್ತಾ ಕೂರಬೇಡಿ.

1981ರಲ್ಲಿ ಜನರಲ್ ಮೋಟರ್ಸ್ ತನ್ನ ಪೆಟ್ರೋಲ್ ಕಾರುಗಳಿಗೆಲ್ಲ ಕಂಪ್ಯೂಟರ್ ಹಾಕಿತು. ದೀಪಕ್ಕೆ ನೆನಪಿನ ಶಕ್ತಿ ಬಂದದ್ದು ಆಗ. ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರಿನಲ್ಲಿ ಎರಡು ಪಿನ್ನುಗಳನ್ನು ಒಂದು ತಂತಿ ತುಂಡಿನಿಂದ ಸೇರಿಸಿ ಕೀ ಆನ್ ಮಾಡಿದರೆ ಎಂಜಿನ್ ದೀಪ ಮಾತಾಡಲು ಶುರು. ಒಂದು ಮಿಟುಕು, ಸಣ್ಣ ವಿರಾಮ, ಎರಡು ಮಿಟುಕು. ಅಂದರೆ ಕೋಡ್ 12. ಎಂಜಿನ್ ತಿರುಗುತ್ತಿಲ್ಲ ಅಂತ ಅದರ ಅರ್ಥ, ನಿಜವಾಗಿಯೂ ತಿರುಗುತ್ತಿಲ್ಲವಲ್ಲ! ಕಂಪ್ಯೂಟರ್ ಬದುಕಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಅದನ್ನು ಮೂರು ಸಲ ಹೇಳಿ, ಆಮೇಲೆ ಒಳಗಿಟ್ಟುಕೊಂಡ ನಿಜವಾದ ದೂರುಗಳನ್ನು ಮೂರು ಮೂರು ಸಲ ಮಿಟುಕಿಸುತ್ತದೆ. ಕ್ರೈಸ್ಲರ್ ಕಾರುಗಳಲ್ಲಿ ತಂತಿಯೂ ಬೇಡ, ಕೀಯನ್ನು ಬೇಗ ಬೇಗ ಆನ್-ಆಫ್-ಆನ್-ಆಫ್-ಆನ್ ಮಾಡಿದರೆ ಸಾಕು. ಸ್ಕ್ಯಾನರ್ ಇಲ್ಲ, ದುಡ್ಡಿಲ್ಲ, ಪೆನ್ನು ಪೇಪರ್ ಹಿಡಿದು ಮಿಟುಕು ಎಣಿಸಿದರೆ ಆಯಿತು. ತಂತಿ ಕಚೇರಿಯ ಗುಮಾಸ್ತನಾದ ಹಾಗೆ ಅನ್ನಿಸುತ್ತದೆ :)

ತೊಂದರೆ ಏನೆಂದರೆ ಪ್ರತಿ ಕಂಪನಿಗೂ ತನ್ನದೇ ಭಾಷೆ, ತನ್ನದೇ ಕನೆಕ್ಟರು. ಕ್ಯಾಲಿಫೋರ್ನಿಯಾ ಮಂಡಳಿ 1988ರ ಮಾಡೆಲ್ಲಿನಿಂದ ಈ ದೀಪವನ್ನು ಕಡ್ಡಾಯ ಮಾಡಿತು, ಅದು ಓಬಿಡಿ ಒಂದು. ಓಬಿಡಿ ಎರಡು 1996ರ ಮಾಡೆಲ್ಲಿಗೆ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಬಂತು. ಎಲ್ಲರಿಗೂ ಒಂದೇ 16 ಪಿನ್ನಿನ ಕನೆಕ್ಟರು, ಒಂದೇ ಕೋಡು. ಪಿ0301 ಅಂದರೆ ಯಾವ ಕಂಪನಿಯ ಕಾರಾದರೂ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತಲೇ ಅರ್ಥ. ಪಿ ನಂತರ ಸೊನ್ನೆ ಇದ್ದರೆ ಎಲ್ಲರಿಗೂ ಸಾಮಾನ್ಯ ಕೋಡು, ಒಂದು ಇದ್ದರೆ ಆ ಕಂಪನಿಯದೇ ಸ್ವಂತ ಕೋಡು.

ಈಗ ನಿಯಮ ನೋಡಿ, ದೀಪದ ಯಜಮಾನ ಯಾರು ಅಂತ ಗೊತ್ತಾಗುತ್ತದೆ. ಹೊಗೆಯ ಮಾಲಿನ್ಯ ಮಿತಿಯ ಒಂದೂವರೆ ಪಟ್ಟು ದಾಟುವಷ್ಟು ಏನಾದರೂ ಕೆಟ್ಟರೆ ದೀಪ ಹೊತ್ತಬೇಕು, ಸ್ಥೂಲವಾಗಿ ಇದೇ ಲೆಕ್ಕ. ನಿಮ್ಮ ಎಂಜಿನ್ ಸಾಯುತ್ತದೆಯೋ ಬದುಕುತ್ತದೆಯೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ! ಪೆಟ್ರೋಲ್ ಟ್ಯಾಂಕಿನಿಂದ ಆವಿ ಸೋರುವ ಒಂದು ಮಿಲಿಮೀಟರಿನ ತೂತನ್ನೂ ಅದು ಹಿಡಿಯಬೇಕು. ಬಂಕಿನಲ್ಲಿ ಮುಚ್ಚಳ ಸಡಿಲ ಬಿಟ್ಟರೂ ಎಂಜಿನ್ ದೀಪ ಹೊತ್ತುವುದು ಇದಕ್ಕೇ. ಮುಚ್ಚಳ ಕಟಕಟ ಅನ್ನುವ ಹಾಗೆ ತಿರುಗಿಸಿ ಒಂದೆರಡು ದಿನ ಓಡಿಸಿ, ತಾನಾಗಿ ಆರಿದರೆ ಸರಿ. ಒಂದೇ ಒಂದು ಕಡೆ ಹಳದಿಯೂ ಕೆಂಪಿನಷ್ಟೇ ತುರ್ತು. ದೀಪ ಸುಮ್ಮನೆ ಉರಿಯದೆ ಪಕಪಕ ಮಿಟುಕುತ್ತಿದ್ದರೆ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಕಾಯಿಸಿ ಹಾಳು ಮಾಡುತ್ತಿದೆ ಅಂತ. ಆಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಆದಷ್ಟು ಬೇಗ ನಿಲ್ಲಿಸಿ.

ನನ್ನ ಕಾರು 2003ರದ್ದು. ಕಳೆದ ಸಲ ಸ್ಮಾಗ್ ಚೆಕ್ಕಿಗೆ ಎರಡು ತಿಂಗಳು ಇರುವಾಗ ಪಿ0420 ಬಂತು. ಕನ್ವರ್ಟರಿನ ಕೆಲಸ ಮಿತಿಗಿಂತ ಕೆಳಗಿದೆ ಅಂತ ಆ ಕೋಡಿನ ಅರ್ಥ. ಒಂದು ಗ್ಯಾರೇಜಿನವರು ಕೋಡ್ ಓದಿದ ಎರಡೇ ನಿಮಿಷಕ್ಕೆ "ಕನ್ವರ್ಟರ್ ಬದಲಿಸಿ, ಸಾವಿರದ ಏಳುನೂರು ಡಾಲರ್" ಅಂದರು. (ಕ್ಯಾಲಿಫೋರ್ನಿಯಾದಲ್ಲಿ ಮಂಡಳಿ ಒಪ್ಪಿದ ಕನ್ವರ್ಟರನ್ನೇ ಹಾಕಬೇಕು, ಅದಕ್ಕೇ ಬೆಲೆ.) ಕಾರಿನ ಬೆಲೆಯೇ ಅದಕ್ಕಿಂತ ಹೆಚ್ಚಿರಲಿಲ್ಲ! ಆದರೆ ಕಂಪ್ಯೂಟರ್ ಕನ್ವರ್ಟರನ್ನು ಬಿಚ್ಚಿ ನೋಡಿರುವುದಿಲ್ಲವಲ್ಲ. ಅದರ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಮುಂದಿನದರ ವೋಲ್ಟೇಜು ಕುಣಿಯುತ್ತಿರುತ್ತದೆ, ಕನ್ವರ್ಟರ್ ಚೆನ್ನಾಗಿದ್ದರೆ ಹಿಂದಿನದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಹಿಂದಿನದೂ ಕುಣಿದರೆ ಕನ್ವರ್ಟರ್ ಸತ್ತಿದೆ ಅಂತ ಕಂಪ್ಯೂಟರ್ ಊಹಿಸುತ್ತದೆ. ಊಹೆ ಅಷ್ಟೇ. ಪೈಪಿನ ಜೋಡಣೆಯಲ್ಲಿ ಸೋರಿಕೆಯಿದ್ದು ಹೊರಗಿನ ಗಾಳಿ ಒಳಗೆ ನುಗ್ಗಿದರೂ ಸೆನ್ಸರ್ ಮೋಸಹೋಗುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಕಾರಿನ ಬದಿ ಕೂತು ಕಿವಿಗೊಟ್ಟರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳುತ್ತಿತ್ತು, ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಇನ್ನೊಬ್ಬ ಮೆಕ್ಯಾನಿಕ್ಕಿಗೆ ಅದನ್ನೇ ತೋರಿಸಿದೆ. ಹಿಂದಿನ ಸೆನ್ಸರಿಗಿಂತ ಮುಂಚಿನ ಗ್ಯಾಸ್ಕೆಟ್ ಹೋಗಿತ್ತು. ನೂರಹತ್ತು ಡಾಲರಿನಲ್ಲಿ ಮುಗಿಯಿತು.

ಹಾಗಾಗಿ ಕೋಡು ಅಂದರೆ ತೀರ್ಪಲ್ಲ, ದೂರು. ಎಫ್‌ಐಆರ್ ಅಂದುಕೊಳ್ಳಿ. ತನಿಖೆ ಇನ್ನೂ ಆಗಬೇಕು.

ದೂರನ್ನು ಅಳಿಸಿಹಾಕುವ ಚಾಳಿಗೂ ದೀಪದಷ್ಟೇ ಇತಿಹಾಸವಿದೆ. ಬ್ಯಾಟರಿ ವೈರು ಹತ್ತು ನಿಮಿಷ ಬಿಚ್ಚಿಟ್ಟರೆ ನೆನಪು ಅಳಿಸಿ ದೀಪ ಆರುತ್ತದೆ. ಬಲ್ಬನ್ನೇ ಕಿತ್ತು, ಇಲ್ಲವೇ ಅದರ ಮೇಲೆ ಕಪ್ಪು ಟೇಪ್ ಅಂಟಿಸಿ ಕಾರು ಮಾರುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದೊಂದು ಮಾಡಿ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ನಿಲ್ಲಿಸಿ. ಆಯಿಲ್, ಬ್ಯಾಟರಿ, ಬ್ರೇಕ್, ಎಂಜಿನ್, ಎಬಿಎಸ್, ಏರ್‌ಬ್ಯಾಗ್ ಎಲ್ಲ ದೀಪಗಳೂ ಒಮ್ಮೆ ಹೊತ್ತಬೇಕು. ಹೊತ್ತದ ದೀಪವೇ ಹೆಚ್ಚು ಅನುಮಾನದ್ದು. ಮಾರುವವರು "ನೋಡಿ ಸಾರ್, ಒಂದು ವಾರ್ನಿಂಗೂ ಇಲ್ಲ" ಅಂದರೆ, ಯಾಕಿಲ್ಲ ಅಂತ ಕೇಳಿ.

ನಮ್ಮ ಕಡೆ ಈ ಹಳದಿ ದೀಪ ನಿಯಮವಾಗಿ ಬಂದದ್ದು ಬಹಳ ತಡವಾಗಿ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ಬಂದಾಗ ಜೊತೆಗೆ ಓಬಿಡಿಯೂ ಬಂತು, 2013ರಲ್ಲಿ ಅದರ ಎರಡನೇ ಹಂತ. ಅದಕ್ಕೂ ಹಿಂದಿನ ಕಾರು ಊರಲ್ಲಿ ಇದ್ದರೆ ಎಂಜಿನ್ ದೀಪ ಇರಬಹುದು, ಆದರೆ ಅದು ಯಾವ ಭಾಷೆ ಮಾತಾಡುತ್ತದೆ ಅನ್ನುವುದು ಕಂಪನಿಯ ಇಷ್ಟ. ಸಾಮಾನ್ಯ ಸ್ಕ್ಯಾನರ್ ಸಿಕ್ಕಿಸಿ ಏನೂ ಬರಲಿಲ್ಲ ಅಂದರೆ ಸ್ಕ್ಯಾನರನ್ನು ಬೈಯಬೇಡಿ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 2000ದಿಂದೀಚಿನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ ಅಂದರೆ ಈಗ ಮುಖ್ಯವಾಗಿ ಕನೆಕ್ಟರಿಗೆ ವೈರು ಸಿಕ್ಕಿಸಿ ಕಂಪ್ಯೂಟರನ್ನು ವಿಚಾರಿಸುವುದು. ಹಿಂದಿನ ರಾತ್ರಿ ಬ್ಯಾಟರಿ ಬಿಚ್ಚಿ ದೀಪ ಆರಿಸಿದವರು ಅಲ್ಲೂ ಸಿಕ್ಕಿಬೀಳುತ್ತಾರೆ. ನೆನಪು ಅಳಿಸಿದ ಮೇಲೆ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕು, ಅದಕ್ಕೆ ಹಲವು ದಿನದ ಓಡಾಟ ಬೇಕು. "ಪರೀಕ್ಷೆ ಮುಗಿದಿಲ್ಲ" ಅಂತ ಬಂದರೆ ಕಾರು ಫೇಲು. ಸಾಲದು ಅಂತ ಮಂಡಳಿಯವರು 2010ರ ಹೊತ್ತಿನ ಮಾಡೆಲ್ಲುಗಳಿಂದ ಅಳಿಸಲಾಗದ ಕೋಡುಗಳನ್ನೂ ತಂದರು. ಬ್ಯಾಟರಿ ಬಿಚ್ಚಿದರೂ ಹೋಗುವುದಿಲ್ಲ, ಸ್ಕ್ಯಾನರಿನಿಂದಲೂ ಹೋಗುವುದಿಲ್ಲ. ರೋಗ ವಾಸಿಯಾಗಿದೆ ಅಂತ ಕಾರಿಗೇ ಮನವರಿಕೆಯಾದ ಮೇಲೆ ಅದೇ ಅಳಿಸಿಕೊಳ್ಳಬೇಕು. 2019ರ ಜುಲೈಯಿಂದ ಸ್ಮಾಗ್ ಚೆಕ್ಕಿನಲ್ಲಿ ಅದನ್ನೂ ನೋಡುತ್ತಿದ್ದಾರೆ. ನನ್ನ 2003ರ ಮುದುಕಿಗೆ ಅಷ್ಟೊಂದು ಜ್ಞಾಪಕಶಕ್ತಿ ಇಲ್ಲ.